ಇಪ್ಪತ್ತೊಂದು ಕಲ್ಲು, ನಲವತ್ತು ಸಲಿಕಿ

ನಮ್ಮ ಸುರಪುರದ ಕಡೆ ವಯಸ್ಸಾದ ಮನಷ್ಯಾ ಸುಮ್ಮಸುಮ್ಮನ ಓಡಾಕ ಬರಂಗಿಲ್ಲ. ಓಡಿದ ಅಂದ್ರ ಬಸ್ ತಪ್ಪಿರಬೇಕು, ನಾಯಿ ಬೆನ್ನತ್ತಿರಬೇಕು, ಇಲ್ಲಾ ಯಾರದರ ಮನ್ಯಾಗ ಏನರ ಆಗಿರಬೇಕು. ಈ ಮೂರೂ ಇಲ್ಲದ ಓಡವನ್ನ ಕಂಡ್ರ ಮಂದಿಗೆ ತಡಕೊಳ್ಳಾಕ ಆಗಂಗಿಲ್ಲ, ನಡುವ ಬಂದು ಏನರ ಒಂದು ಮಾಡೇ ಮಾಡ್ತಾರ. ಹಂಗಾಗಿ ನನ್ನ ಒಂದೊಂದು ಐತವಾರಕ್ಕೂ ಒಂದೊಂದು ಕಥಿ ಅದ.

ನಾನು ಕೆನಾಲ್ ಆಫೀಸಿನ್ಯಾಗ ಗುಮಾಸ್ತ. ಯಾವ ಹೊಲಕ್ಕ ಯಾವ ದಿನ ನೀರಿನ ಪಾಳಿ ಅಂತ ಬರಿಯೋದು ನನ್ನ ಕೆಲಸ. ಕುಂತು ಕುಂತು ಹೊಟ್ಟಿ ಮುಂದ ಬಂದಿತ್ತು ಖರೇ, ಆದ್ರ ನಾನು ಹೊಟ್ಟಿಗೆ ಅಂಜಿದವನಲ್ಲ. ಅಂಜಿದ್ದು ನಮ್ಮಣ್ಣನ ನೆನಪಿಗೆ. ಅಂವ ಐವತ್ತೆರಡರಾಗ, ಒಂದಿನ ಮುಂಜಾನಿ ಕೆನಾಲ್ ದಂಡಿ ಮ್ಯಾಲೆ ಒಬ್ಬನ ಹೊಂಟಾಗ ಎದಿ ಹಿಡಕೊಂಡು ಬಿದ್ದ. ಮಂದಿ ನೋಡಿದ್ದು ಮಧ್ಯಾಹ್ನಕ್ಕ. ಯಾರರ ಜೋಡಿ ಇದ್ದಿದ್ರ ಉಳೀತಿದ್ದ ಅಂತ ದವಾಖಾನ್ಯಾಗ ಅಂದ್ರು.

ಈಗ ನನಗ ಐವತ್ತೆರಡು ಬಂತು. ಡಾಕ್ಟರ್ ನೋಡಿ, ಎದಿ ಬರಾಬರ್ ಅದ, ಮೈ ಮಾತ್ರ ಜರಾ ಬಗ್ಗಿಸ್ರಿ ಅಂದ್ರು. ಹಂಗಂದ ದಿನ ಹಟ ಹಿಡಿದೆ. ಈ ವರ್ಷ ಮುಗಿಯೋದರಾಗ, ಊರ ಹೊರಗಿನ ಗೇಟಿನಿಂದ ದೇವಾಪುರದ ಕಡೆ ಸೇತುವೆ ತನಕ, ದಂಡಿ ಮ್ಯಾಲಿನ ಇಪ್ಪತ್ತೊಂದು ಕಿಲೋಮೀಟರ್ ಕಲ್ಲು, ಒಮ್ಮಿನೂ ನಿಂದರದ ಓಡಬೇಕು. ನಮ್ಮ ಮನಿಯಾಕಿ ಬ್ಯಾಡ ಅನ್ನಲಿಲ್ಲ. ಒಂದ ಮಾತು ಅಂದ್ಲು: "ಎಷ್ಟರ ಓಡ್ರಿ, ಒಬ್ಬರ ಓಡಬ್ಯಾಡ್ರಿ."

ಅದಕ್ಕ ನಮ್ಮ ಓಣ್ಯಾಗಿನ ರಿಟೈರ್ ಆದ ಮಾಸ್ತರ್ರು ತಮ್ಮ ಐತವಾರದ ಸೈಕಲ್ ಮಂದಿನ್ನ ನನ್ನ ಕಾವಲಿಗೆ ಕೊಟ್ರು. ಐದು ಸೈಕಲ್, ಐದೂ ಮಂದಿ ಅರವತ್ತು ದಾಟಿದವರು. ನಾನು ಮುಂದ ಓಡೋದು, ಅವರು ಹಿಂದ ಆರಾಮ ತುಳಕೋತ ಬರೋದು.

೧. ಕಾವಲು

ಮೊದಲ ಐತವಾರ ಎಂಟನೇ ಕಲ್ಲಿಗೆ ಹೊಳ್ಳಿ ನೋಡ್ತೀನಿ, ಒಂದೂ ಸೈಕಲ್ ಇಲ್ಲ. ಐದು ಮುದುಕರು, ಮಗ್ಗಲಕ್ಕ ತುಂಬಿದ ಕೆನಾಲ್. ಬಂದ ದಾರಿ ಹಿಡದು ವಾಪಸ್ ಓಡಿದೆ.

ಆಗಿದ್ದು ಇಷ್ಟ. ಮಾಸ್ತರ್ರು ಈ ಹಳ್ಳಿಗಳಾಗ ಜೀವಮಾನ ಎಲ್ಲಾ ಸಾಲಿ ಕಲಿಸ್ಯಾರ. ಹೊಲಕ್ಕೊಬ್ಬ ಶಿಷ್ಯ. ಮೊದಲನೇ ಶಿಷ್ಯ ಅಡ್ಡ ನಿಂತು, ರೊಟ್ಟಿ ಮುಟ್ಟಿ ಹೋಗ್ರಿ ಅಂದಾನ. ಇಲ್ಲ ಅನ್ನೋದು ನಮ್ಮ ಕಡೆ ರಿವಾಜಿಲ್ಲ. ಅಲ್ಲಿ ತಿಂದದ್ದು ನೋಡಿ ಬಾಜೂ ಹೊಲದವ, ಅವನ ಹಂತ್ಯಾಕ ತಿಂದ್ರಿ, ನಮ್ಮದೇನು ತಪ್ಪು ಅಂದಾನ. ಹಿಂಗ ನಾಕು ಹೊಲ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾನು ಮುಟ್ಟೋದರಾಗ ಐದೂ ಮಂದಿ ಬೇವಿನ ಗಿಡದ ಬುಡಕ ಮಲಗಿದ್ರು.

ಮಾಸ್ತರ್ರು ಒಂದು ಕಣ್ಣು ತೆರದು, ಸೇತುವೆ ಮುಟ್ಟಿದ್ರೇನು ಅಂತ ಕೇಳಿದ್ರು. ಇಲ್ರಿ, ನಿಮಗ ಏನರ ಆತೋ ಅಂತ ನೋಡಾಕ ಬಂದೆ ಅಂದೆ.

"ಅಲ್ರಿ, ಕಾವಲಿಗೆ ಬಂದವರು ನಾವೋ ನೀವೋ?" ಅಂದು ಆ ಕಣ್ಣೂ ಮುಚ್ಚಿದ್ರು.

೨. ಹಿಂದಿನ ಸೀಟು

ಇನ್ನೊಂದು ಐತವಾರ, ಸೈಕಲ್ ಮಂದಿ ಮತ್ತ ರೊಟ್ಟಿಗೆ ಹಿಂದ ಉಳದಾಗ, ಒಬ್ಬ ರೈತ ಮೋಟಾರ್ ಸೈಕಲ್ ಮಗ್ಗಲಕ್ಕ ತಂದು, ಕುಂಡ್ರಿ ಸಾಹೇಬ್ರ, ಬಿಟ್ಟು ಬರ್ತೀನಿ ಅಂದ. ಬ್ಯಾಡಪ್ಪ, ಆರೋಗ್ಯಕ್ಕ ಓಡಾಕತ್ತೀನಿ ಅಂದೆ. ಅಂವ ನಂಬಲಿಲ್ಲ. ಮೂರು ಕಲ್ಲಿನ ತನಕ ಸಣ್ಣಕ ಗಾಡಿ ಬಿಟಗೋತ ಜೋಡಿಲೇ ಬಂದ. ಆಫೀಸಿನ ಸಾಹೇಬ್ರು ಓಡಾಕತ್ತಾರ, ಇಂವ ಖಾಲಿ ಸೀಟು ಇಟಗೊಂಡು ಹೊಂಟಾನ ಅಂದ್ರ ಊರಾಗ ತನ್ನ ಇಜ್ಜತ್ ಏನು ಉಳೀತದ ಅಂತ ಅವನ ವಾದ. ನಾನು ಕೈ ಮುಗದೆ, ಬೈದೆ, ಕೇಳಲಿಲ್ಲ. ಕಡೀಕ ಅಂವ ದನಿ ಸಣ್ಣದು ಮಾಡಿದ.

"ನಮ್ಮ ಗಾಡಿ ಮ್ಯಾಲೆ ಕುಂಡ್ರಬಾರದಂತ ಏನರ ಅದೇನ್ರಿ?"

ನಾನು ತಟ್ಟನ ನಿಂತೆ. ಆ ಮಾತಿನ ಹಿಂದ ಎಷ್ಟು ತಲಿಮಾರಿನ ನೋವು ಅದ ಅಂತ ನನಗ ತಿಳೀತದ. ಅದನ್ನ ಕೇಳಿದ ಮ್ಯಾಲೂ ಓಡುವಷ್ಟು ದೊಡ್ಡ ಓಟ ಅಲ್ಲ ನನ್ನದು. ಏರಿ ಕುಂತೆ. ಅಂವನ ಮುಖ ಅರಳಿತು.

ಅಷ್ಟಕ್ಕ ಮುಗೀಲಿಲ್ಲ. ಡಾಂಬರ ರಸ್ತಾಕ್ಕ ಒಯ್ದು, ಬರೋ ಬಸ್ಸಿಗೆ ಗಾಡಿ ಅಡ್ಡ ಹಚ್ಚಿ, ನಮ್ಮ ಸಾಹೇಬ್ರು ಮುಂಜಾನಿಯಿಂದ ಈ ಬಸ್ಸಿಗೇ ಓಡಾಕತ್ತಾರ ಅಂತ ಡ್ರೈವರಗ ಜೋರು ಮಾಡಿದ. ಕಂಡಕ್ಟರ್ ಪಾಪ ಒಬ್ಬರನ್ನ ಎಬ್ಬಿಸಿ ಕಿಟಕಿ ಸೀಟು ಕೊಟ್ಟ. ಬಸ್ಸು ಶಹಾಪುರಕ್ಕ ಹೋತು. ಶಹಾಪುರದಾಗ ನನಗ ಏನೂ ಕೆಲಸ ಇದ್ದಿಲ್ಲ. ಚಡ್ಡಿ ಮ್ಯಾಲೆ ಇಳದು, ಒಂದು ಕಪ್ ಚಾ ಕುಡದು, ಅದೇ ಬಸ್ಸಿಗೆ ವಾಪಸ್ ಬಂದೆ.

೩. ಅವಸರ

ಹದಿನಾಲ್ಕನೇ ಕಲ್ಲಿನ ಹಂತ್ಯಾಕ ಒಂದು ಮುದುಕಿ ಹುಲ್ಲು ಕೊಯ್ಯಾಕತ್ತಿದ್ಲು. ಬೆವರು ನನ್ನ ಕಣ್ಣಾಗಿಳದು ಧಾರಿ ಹರೀತಿತ್ತು. ಅಳಕೋತ ಓಡಾಕತ್ತಾನ ಅಂತ ತಿಳದ್ಲು.

"ಯಾರು ಹೋದ್ರೋ ತಮ್ಮಾ?"

ಯಾರೂ ಇಲ್ಲಬೇ ಅನ್ನಬೇಕಿತ್ತು. ಆದ್ರ ನಮ್ಮಣ್ಣ ಬಿದ್ದದ್ದು ಅದೇ ಕಲ್ಲಿನ ಹಂತ್ಯಾಕ. ಬಾಯಿಗೆ ಖರೇನ ಬಂತು.

"ನಮ್ಮಣ್ಣಬೇ."

ಮುದುಕಿ ಕುಡಗೋಲು ಕೆಳಗಿಟ್ಟು, ಅಯ್ಯ ನನ್ನ ಕೂಸೇ ಅಂತ ಎದ್ದು ಬಂದ್ಲು. ಯಾವಾಗ ಅಂತ ಕೇಳಿದ್ಲು. ಎಂಟು ವರ್ಷ ಆತು ಅಂದೆ. ಆಕಿ ನನ್ನ ಬೂಟು ನೋಡಿದ್ಲು, ಚಡ್ಡಿ ನೋಡಿದ್ಲು, ಮುಖ ನೋಡಿದ್ಲು.

"ಎಂಟು ವರ್ಷ ಆಗಿದ್ರ ಜರಾ ಕುಂತು ನೀರು ಕುಡದು ಹೋಗು. ಇನ್ನೇನು ಅವಸರ ಅದ?"

ನಗೂನೂ ಬಂತು, ಅಳೂನೂ ಬಂತು. ಕುಂತು ಆಕಿ ಕೊಟ್ಟ ನೀರು ಕುಡಿದೆ. ಆ ಐತವಾರದ ಓಟ ಅಲ್ಲಿಗೇ ಮುಗೀತು.

೪. ಸಲಿಕಿ

ನನ್ನ ಐವತ್ತೆರಡರ ಕಡೀ ಐತವಾರ. ಇವತ್ತು ಯಾರ ಹೊಲದಾಗೂ ಕೈ ತೊಳಿಯಂಗಿಲ್ಲ ಅಂತ ಮಾಸ್ತರ್ರು ಆಣಿ ಮಾಡಿದ್ರು. ಐದನೇ ಕಲ್ಲಿಗೆ ಒಬ್ಬ ಶಿಷ್ಯನ ಮನ್ಯಾಗ ಕೂಸಿಗೆ ಹೆಸರಿಡೋದಿತ್ತು. ಸೈಕಲ್ ಮಂದಿ ಅಲ್ಲೇ ಉಳೀತು. ನಾನು ಹೊಳ್ಳಿ ನೋಡಲಿಲ್ಲ.

ಹನ್ನೆರಡನೇ ಕಲ್ಲಿಗೆ ಹಿಂದ ಕಾಲಿನ ಸಪ್ಪಳ ಕೇಳಿತು. ಒಬ್ಬ ಸಲಿಕಿ ಹಿಡಕೊಂಡು ಓಡಿ ಬರಾಕತ್ತಿದ್ದ. ಹದಿಮೂರಕ್ಕ ಐದು ಮಂದಿ ಆದ್ರು. ಹದಿನಾರಕ್ಕ ದಂಡಿ ತುಂಬ ಮಂದಿ, ಕೈಯಾಗ ಸಲಿಕಿ, ಬುಟ್ಟಿ, ಖಾಲಿ ಚೀಲ. ನಿಂದರ್ರಿ ಸಾಹೇಬ್ರ ಅಂತ ಒದರಾಕತ್ತಿದ್ರು.

ನನ್ನ ಜೀವ ಹಾರಿತು. ಅದೇ ವಾರ ಕಾಲುವಿ ಕೊನಿ ಹೊಲದವರು ಆಫೀಸಿಗೆ ಬಂದು, ನಮಗ ನೀರು ಮುಟ್ಟವಲ್ದು, ನಿನ್ನ ಪಾಳಿ ಪಟ್ಟಿ ಸುಡು ಅಂತ ನನ್ನ ಜೋಡಿ ಜಗಳ ತಗದು ಹೋಗಿದ್ರು. ನಮ್ಮಣ್ಣ ಎದಿಲೆ ಹೋದ, ನಾನು ಸಲಿಕಿಲೆ ಹೋಗ್ತೀನಿ ಅನಿಸ್ತು. ಆಮ್ಯಾಲೆ ನಾನು ಓಡಿದ್ದು ಯಾವ ಡಾಕ್ಟರೂ ಹೇಳಿದ ಓಟ ಅಲ್ಲ. ಹದಿನೇಳು, ಹದಿನೆಂಟು ಯಾವಾಗ ಹೋದ್ವೋ ನೆನಪಿಲ್ಲ. ಇಪ್ಪತ್ತೊಂದನೇ ಕಲ್ಲು ಮುಟ್ಟಿ ಸೇತುವೆ ಮ್ಯಾಲೆ ಕುಸದು ಕುಂತೆ. ಹೊಡೀರಪ್ಪ ಅಂತ ಕಣ್ಣು ಮುಚ್ಚಿದೆ.

ಒಬ್ಬ ಹಿರಿಯ ನನ್ನ ಮುಂದ ಬಗ್ಗಿದ. ಬರಿಗಾಲು, ಧೋತರ ಮ್ಯಾಲೆ ಕಟ್ಟಿದ್ದ.

"ಎಲ್ಲಿ ಒಡದದ್ರಿ?"

ಆವಾಗ ತಿಳೀತು. ಕೆನಾಲ್ ಒಡದ್ರ ನಮ್ಮ ಕಡೆ ಯಾರೂ ಕೇಳಕೋತ ನಿಂದರಂಗಿಲ್ಲ, ಸಲಿಕಿ ಹಿಡಕೊಂಡು ಓಡೋದ ಪದ್ಧತಿ. ಇಲ್ಲಾಂದ್ರ ಎಲ್ಲರ ಭತ್ತಾನೂ ಹೋಗ್ತದ. ಕೆನಾಲ್ ಆಫೀಸಿನವ ಕೆನಾಲ್ ದಂಡಿ ಮ್ಯಾಲೆ ಓಡಾಕತ್ತಾನ ಅಂದ ಮ್ಯಾಲೆ ಇನ್ನೇನು. ನನ್ನ ನೋಡಿ ಒಬ್ಬ ಓಡಿದ, ಅವನ್ನ ನೋಡಿ ನಲವತ್ತು ಮಂದಿ ಓಡಿದ್ರು.

ಏನೂ ಒಡದಿಲ್ರಿ, ಆರೋಗ್ಯಕ್ಕ ಓಡಾಕತ್ತಿದ್ದೆ ಅಂದೆ. ಹಿರಿಯ ಸಲಿಕಿ ನೆಲಕ್ಕ ಊರಿ, ನಿಮ್ಮ ಎದಿ ಗಟ್ಟಿ ಆಗಲಿ ಅಂತ ನಮ್ಮ ಎದಿ ಒಡದ್ರಲ್ರಿ ಅಂದ. ಬೈದ್ರು, ನಕ್ಕರು. ಬಂದದ್ದು ಬಂದೀವಿ ಅಂತ ಸೇತುವೆ ಬುಡಕ ಸಣ್ಣ ಕಾಲುವಿಗೆ ಇಳದು ಹೂಳು ತಗದ್ರು. ನನ್ನ ಕೈಯಾಗೂ ಒಂದು ಬುಟ್ಟಿ ಕೊಟ್ರು. ಕೊನಿ ಹೊಲಕ್ಕ ನೀರು ಹರೀತು.

ನೀರು ಹರಿಯೋದು ನೋಡಿ ಮನಿಗೆ ಫೋನ್ ಹಚ್ಚಿ, ಮುಟ್ಟಿದೆ, ಒಮ್ಮಿನೂ ನಿಂದರಲಿಲ್ಲ ಅಂದೆ. ಮನಿಯಾಕಿಗೆ ಕಲ್ಲಿನ ಲೆಕ್ಕ ಬೇಕಿದ್ದಿಲ್ಲ. ಮಾಸ್ತರ್ರು ಜೋಡಿ ಅದಾರೇನು ಅಂತ ಕೇಳಿದ್ಲು.

"ಇಲ್ಲ. ನಲವತ್ತು ಮಂದಿ ಅದಾರ. ಸಲಿಕಿ ಹಿಡಕೊಂಡು ಇಲ್ಲಿ ತನಕ ನನ್ನ ಬೆನ್ನತ್ತಿ ಬಂದ್ರು."

ಆ ಕಡೆ ಆಕಿ ಮೂಗು ಏರಿಸಿದ್ದು ಕೇಳಿತು. ಎಂಟು ವರ್ಷ ಆಕಿ ಎದ್ಯಾಗ ಇಟಗೊಂಡ ಅಂಜಿಕಿ ಇಳದಿತ್ತು.

"ಮಾಸ್ತರ್ರನ್ನ ಬಿಡ್ರಿ," ಅಂದ್ಲು. "ಬರೋ ಐತವಾರನೂ ಅವರಿಗೇ ಸಲಿಕಿ ತಗೊಂಡು ಬರಾಕ ಹೇಳ್ರಿ."