ಬೈಗುಳದ ಪ್ರಾಕ್ಟಿಕಲ್

ಎಲ್ಲ ರಗಳೆಗೂ ಮೂಲ ಪಠ್ಯಪುಸ್ತಕದ ಒಂದು ಸಾಲು: "ಬೆಟ್ಟದಾಚೆಯ ಸೀಮೆಯಲ್ಲಿ ಮನೆಗೆ ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಬಯ್ಯತಕ್ಕದ್ದು. ಬೈಗುಳ ಜೋರಾದಷ್ಟೂ ಪ್ರೀತಿ ಹೆಚ್ಚು."

ಅಂಚೆ ಗುಮಾಸ್ತರಿಗೆ ಬಯ್ಯಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ತಮ್ಮ ಕಾಲೇ ಅಡ್ಡ ಬಂತೆಂದು ಕ್ಷಮೆ ಕೇಳುವ ಜೀವ ಅದು. ಓಣಿಯವರೆಲ್ಲ ಅವರನ್ನು ಮೆತ್ತಗಣ್ಣ ಎಂದೇ ಕರೆಯುತ್ತಿದ್ದರು. ಆಚೆ ಸೀಮೆಯಿಂದ ಬರುವ ಲಕೋಟೆಗಳ ಮೇಲಿನ, ಇರುವೆ ಸಾಲು ದಾರಿ ತಪ್ಪಿದಂಥ ಲಿಪಿಗೆ ಮನಸೋತು, ಅಲ್ಲಿನ ಭಾಷೆ ಮತ್ತು ಸಂಸ್ಕೃತಿಯಲ್ಲಿ ಡಿಗ್ರಿ ಮಾಡಲು ಸಂಜೆ ಕಾಲೇಜು ಸೇರಿದ್ದರು. ಬರೆಯುವ ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಉಳಿದದ್ದು ಪ್ರಾಕ್ಟಿಕಲ್ ಒಂದೇ. ಆ ಸೀಮೆಯವರೇ ಆದ ಪರೀಕ್ಷಕರು ಮನೆಗೆ ಬರುತ್ತಾರೆ. ಅವರನ್ನು ಅವರ ಭಾಷೆಯಲ್ಲಿ, ಅವರ ರೀತಿಯಲ್ಲಿ ಬರಮಾಡಿಕೊಳ್ಳಬೇಕು. ಹೋದ ವರ್ಷ ಮೆತ್ತಗಣ್ಣ ಬಾಗಿಲು ತೆರೆದವರೇ ಹಲ್ಲೆಲ್ಲ ಕಾಣುವಂತೆ ನಕ್ಕು, "ಬನ್ನಿ, ಬನ್ನಿ" ಎಂದುಬಿಟ್ಟಿದ್ದರು. ಪರೀಕ್ಷಕರು ಮುಖ ಊದಿಸಿಕೊಂಡು ಮೆಟ್ಟಿಲಿಂದಲೇ ಹಿಂತಿರುಗಿದ್ದರು.

ಇವತ್ತು ಸಂಜೆ ಮತ್ತೆ ಪರೀಕ್ಷೆ.

"ಇದೇ ಕೊನೆ," ಎಂದಳು ಹೆಂಡತಿ ಬೆಳಿಗ್ಗೆಯೇ. "ಒಂದು ಸಂಜೆನಾದ್ರೂ ನನ್ನ ಜೊತೆ ಹೊರಗೆ ಬಂದಿದೀರಾ? ಪಾರ್ಕಲ್ಲಿ ಒಬ್ಬಳೇ ಕೂತು ಕೂತು, ನಂಗೆ ಗಂಡನೇ ಇಲ್ಲ ಅಂದ್ಕೊಂಡಿದಾನೆ ಅಲ್ಲಿನ ಮಾಲಿ. ಇವತ್ತು ಪಾಸಾಗ್ಲಿಲ್ಲ ಅಂದ್ರೆ ಆ ಪುಸ್ತಕಗಳ ಜೊತೇಲೇ ಸಂಸಾರ ಮಾಡ್ಕೊಳ್ಳಿ."

"ಆಗ್ತೀನಿ ಕಣೆ. ಇವತ್ತು ಬಯ್ದೇ ಬಯ್ತೀನಿ."

"ಎಲ್ಲಿ, ನನ್ನನ್ನೇ ಒಂದ್ಸಲ ಬಯ್ದು ತೋರ್ಸಿ."

ಮೆತ್ತಗಣ್ಣ ಉಸಿರೆಳೆದುಕೊಂಡು ಹುಬ್ಬು ಗಂಟಿಕ್ಕಿದರು. "ನೀನು... ನೀನು ಸ್ವಲ್ಪ..."

"ಏನು ಸ್ವಲ್ಪ?"

"ಸ್ವಲ್ಪ ಇಳಿದು ಹೋಗಿದೀಯ. ಹೊತ್ತಿಗೆ ಸರಿಯಾಗಿ ಊಟ ಮಾಡು."

ಗೋಡೆಯಾಚೆ ಕೇಳಿಸಿಕೊಳ್ಳುತ್ತಿದ್ದ ಪಕ್ಕದ ಮನೆಯ ಚೆಕಿಂಗ್ ಮಾವ ಕರೆಯದೆಯೇ ಬಂದರು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಅವರ ಗಂಟಲಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ.

"ಬೈಗುಳ ಹೊಟ್ಟೆಯಿಂದ ಬರ್ಬೇಕು ಕಣಯ್ಯ. ನಿಂದು ನೆಗಡಿ ಥರ ಮೂಗಿಂದ ಬರ್ತಿದೆ. ಮೊದ್ಲು ನಮ್ಮ ಭಾಷೇಲಿ ಪಳಗು. ಈಗ ಬಾಗಿಲು ತಟ್ಟೋರು ಯಾರೇ ಆಗ್ಲಿ, ಬಿಡ್ಬೇಡ!"

ಬಾಗಿಲು ತಟ್ಟಿದವರು ಮನೆಯ ಓನರಮ್ಮ. ಸೋರುವ ನಲ್ಲಿ ನೋಡಲು ಬಂದಿದ್ದರು. ಮೆತ್ತಗಣ್ಣ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಬಾಗಿಲು ತೆರೆದರು.

"ಈಗ ಬರೋದಾ? ದಾರೀಲೇ ಸತ್ತು ಬಿದ್ದಿದ್ಯಾ? ಯಾವ ಮುಖ ಹೊತ್ಕೊಂಡು ಬಂದೆ?"

ಕಣ್ಣು ತೆರೆದಾಗ ಓನರಮ್ಮ ಸಿಳ್ಳೆ ಹಾಕಲು ಸಿದ್ಧವಾದ ಕುಕ್ಕರಿನಂತೆ ನಡುಗುತ್ತಿದ್ದರು. "ನಲ್ಲಿ ಹಾಳಾಗ್ಲಿ. ಮೊದ್ಲು ನನ್ನ ಮನೆ ಖಾಲಿ ಮಾಡಿ!"

"ಅಯ್ಯೋ, ಅದು ಪ್ರೀತಿ ತಾಯಿ! ಅವನ ಸಿಲೆಬಸ್ಸಲ್ಲಿದೆ," ಎಂದು ಚೆಕಿಂಗ್ ಮಾವ ಅಡ್ಡ ಬಂದರು.

"ಹೌದಾ? ಹಾಗಾದ್ರೆ ನಿಮ್ಮ ಮೇಲೆ ನಂಗೂ ಬಹಳ ದಿನದಿಂದ ಪ್ರೀತಿ ಇದೆ, ತಗೊಳ್ಳಿ," ಎಂದ ಓನರಮ್ಮ, ಕಸದ ಬುಟ್ಟಿಯಿಂದ ಹಿಡಿದು ಅವರ ಗೊರಕೆಯವರೆಗೂ ಎಲ್ಲವನ್ನೂ ಎತ್ತಾಡಿ ಮಾವನನ್ನು ಝಾಡಿಸಿದರು. ಅಷ್ಟಾದ ಮೇಲೆ ಹಗುರಾಗಿ, ಮನೆ ಖಾಲಿ ಮಾಡಿಸುವ ಮಾತು ಮರೆತು, ಮುಂದೇನಾಗುತ್ತದೋ ನೋಡೋಣವೆಂದು ಅಲ್ಲೇ ಕುರ್ಚಿ ಎಳೆದುಕೊಂಡರು.

ಮಧ್ಯಾಹ್ನ ಮತ್ತೆ ಬಾಗಿಲು ಸದ್ದಾಯಿತು. "ಬೇಗನೇ ಬಂದ್ಬಿಟ್ರು! ಈಗ ಅವರ ಭಾಷೇಲೇ ಬಿಡು!" ಎಂದರು ಮಾವ. ಮೆತ್ತಗಣ್ಣ ಬಾಗಿಲು ತೆಗೆದವರೇ, ಬಾಯಿಪಾಠ ಮಾಡಿದ್ದನ್ನೆಲ್ಲ ಆಚೆ ಸೀಮೆಯ ಭಾಷೆಯಲ್ಲಿ ಒಂದೇ ಉಸಿರಿಗೆ ಎರಚಿದರು.

ಎದುರಿಗೆ ನಿಂತಿದ್ದವರು ಪೋಸ್ಟ್‌ಮಾಸ್ಟರ್. ಹೊಟ್ಟೆನೋವೆಂದು ರಜೆ ಹಾಕಿದ ಗುಮಾಸ್ತರಿಗೆ ಪಾಪ, ತಾವೇ ಮಾತ್ರೆ ತಂದಿದ್ದರು. ಒಂದು ಹೆಜ್ಜೆ ಹಿಂದೆ ಸರಿದು, ಮಾತ್ರೆಯನ್ನು ದೂರದಿಂದಲೇ ಹೊಸ್ತಿಲ ಮೇಲಿಟ್ಟರು.

"ನಾಳೆ ಬರುವಾಗ ಡಾಕ್ಟರ್ ಸರ್ಟಿಫಿಕೇಟ್ ತನ್ನಿ," ಎಂದರು ಮೆಲ್ಲಗೆ. "ಹೊಟ್ಟೇದಲ್ಲ. ತಲೇದು."

ಸಂಜೆಯ ಹೊತ್ತಿಗೆ ಮೆತ್ತಗಣ್ಣನೊಳಗೆ ಏನೋ ಕುದಿಯತೊಡಗಿತ್ತು. ಹೋದ ಮಾನ, ನಗುತ್ತಿದ್ದ ಓನರಮ್ಮ, "ಇನ್ನೂ ಹೊಟ್ಟೆಯಿಂದ" ಎಂದು ತಿವಿಯುತ್ತಿದ್ದ ಮಾವ, ಪಾರ್ಕಿಗೆ ಹೋಗಲು ಹೊಸ ಸೀರೆ ಉಟ್ಟು ಕಾಯುತ್ತಿದ್ದ ಹೆಂಡತಿ. ಬಾಗಿಲು ಸದ್ದಾಯಿತು. ಕೈಯಲ್ಲಿ ಬ್ಯಾಗು ಹಿಡಿದ ಪರೀಕ್ಷಕರು ನಿಜವಾಗಿಯೂ ಬಂದು ನಿಂತಿದ್ದರು.

ಮೆತ್ತಗಣ್ಣ ಬಯ್ದರು. ಜನ್ಮದಲ್ಲಿ ನುಂಗಿಕೊಂಡದ್ದೆಲ್ಲ ಆ ಪರಭಾಷೆಯಲ್ಲಿ ಅಣೆಕಟ್ಟು ಒಡೆದಂತೆ ಹೊರಬಿತ್ತು. ಅರ್ಥವಾಗದಿದ್ದರೂ ಓನರಮ್ಮ ಬೆರಗಾಗಿ ಎದ್ದು ನಿಂತರು. ಚೆಕಿಂಗ್ ಮಾವನೇ ಕಿವಿ ಮುಚ್ಚಿಕೊಂಡರು.

ಪರೀಕ್ಷಕರ ಕಣ್ಣು ತುಂಬಿ ಬಂತು. ಬ್ಯಾಗು ಕೆಳಗಿಟ್ಟು ಮೆತ್ತಗಣ್ಣನನ್ನು ಬಾಚಿ ತಬ್ಬಿಕೊಂಡರು. ಇಲ್ಲಿ ಪಾಠ ಮಾಡಿ ಮಾಡಿ ಅವರಿಗೆ ನಮ್ಮ ಮಾತೂ ಚೆನ್ನಾಗಿಯೇ ಬರುತ್ತಿತ್ತು.

"ಏನು ಉಚ್ಚಾರಣೆ! ಏನು ಭಾವ! ನೂರಕ್ಕೆ ನೂರು ಕೊಡಬಹುದಿತ್ತು."

"ಕೊಡಬಹುದಿತ್ತು?" ಮೆತ್ತಗಣ್ಣನ ದನಿ ಮತ್ತೆ ಮೂಗಿಗೆ ಹೋಯಿತು.

"ಅತಿಥಿಗಾದ್ರೆ ಎರಡು ಮಾತು ಬಯ್ದರೆ ಸಾಕು. ಇಷ್ಟು ಮನಸ್ಸಿಟ್ಟು ಬಯ್ದರೆ, ನಮ್ಮಲ್ಲಿ ಅವನನ್ನ ಸ್ವಂತ ತಮ್ಮ ಅಂತ ಒಪ್ಪಿಕೊಂಡ ಹಾಗೆ. ಇವತ್ತಿಂದ ನೀವು ನನಗೆ ಅಣ್ಣ!"

"ಬಹಳ ಸಂತೋಷ ಸಾರ್... ಮಾರ್ಕ್ಸು?"

"ಅದೇ ತೊಂದರೆ ಆಯ್ತಲ್ಲ ಅಣ್ಣ. ನೆಂಟರಿಗೆ ನೆಂಟರು ಮಾರ್ಕ್ಸ್ ಹಾಕೋ ಹಾಗಿಲ್ಲ, ಕಾಲೇಜು ರೂಲ್ಸು. ಈ ಪರೀಕ್ಷೆ ರದ್ದು. ಮುಂದಿನ ವರ್ಷ ಬೇರೆಯವರು ಬರ್ತಾರೆ, ಅವರನ್ನ ಸ್ವಲ್ಪ ಕಮ್ಮಿ ಬಯ್ಯಿ." ಪರೀಕ್ಷಕರು ಬೂಟು ಬಿಚ್ಚಿ, ಬ್ಯಾಗನ್ನು ಒಳಕ್ಕೆ ತಂದರು. "ಅಣ್ಣನ ಮನೆ ಇರುವಾಗ ನಾನ್ಯಾಕೆ ಇನ್ನು ಲಾಡ್ಜಲ್ಲಿರಲಿ? ನನ್ನ ಹಾಸಿಗೆ ಎಲ್ಲಿ?"

ಹೊಸ ಸೀರೆಯ ಹೆಂಡತಿ ಒಳಗಿಂದ ಬಂದಳು. ಅವಳಿಗೆ ಯಾರೂ ಪಾಠ ಹೇಳಿಕೊಡಬೇಕಾಗಿರಲಿಲ್ಲ. ಕಳೆದುಹೋದ ಸಂಜೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು, ಪರೀಕ್ಷಕರನ್ನೂ ಅವರ ಕಾಲೇಜನ್ನೂ ಅವರ ಬೆಟ್ಟವನ್ನೂ ಸೇರಿಸಿ, ಶುದ್ಧ ಕನ್ನಡದಲ್ಲಿ ಬಯ್ಯತೊಡಗಿದಳು.

ಪರೀಕ್ಷಕರು ಕೊನೆಯವರೆಗೂ ತಲೆಬಾಗಿ ಕೇಳಿದರು. ಆಮೇಲೆ ಕಣ್ಣೊರೆಸಿಕೊಂಡರು.

"ನೋಡಿದ್ರಾ ಅಣ್ಣ," ಎಂದರು ಗದ್ಗದಿತರಾಗಿ, "ಅತ್ತಿಗೇನೂ ಒಪ್ಪಿಬಿಟ್ರು!"

ಹಾಗೆನ್ನುತ್ತಲೇ ಒಳಗೆ ಹೋಗಿ, ಮೆತ್ತಗಣ್ಣನ ದಿಂಬನ್ನು ತಟ್ಟಿ ತಟ್ಟಿ ತಮಗೆ ಬೇಕಾದ ಹದಕ್ಕೆ ಮಾಡಿಕೊಂಡರು.