ಜಲದರೋಡೆ ನಿಗ್ರಹವೂ ನಲವತ್ತು ಚೀಲ ಮೆಣಸಿನಕಾಯಿಯೂ

ಗದ್ವಾಲಿನ ಆಚೆ ಕೃಷ್ಣೆಯಲ್ಲಿ ದರೋಡೆಯು ಸಂಪೂರ್ಣ ಶಿಸ್ತಿನಿಂದ ನಡೆಯುತ್ತಿತ್ತೆಂಬುದನ್ನು ಮೊದಲಿಗೇ ದಾಖಲಿಸತಕ್ಕದ್ದು. ನಡುಗಡ್ಡೆಯಿಂದ ಸರಕು ಹೇರಿಕೊಂಡು ಬರುವ ಪ್ರತಿ ದೋಣಿಯನ್ನೂ ಎಂಕಪ್ಪನೆಂಬವನು ತನ್ನ ಹರಗೋಲಿನಲ್ಲಿ ಅಡ್ಡಗಟ್ಟಿ, "ಶರಣ್ರೀ" ಎಂದು ನಾಲ್ಕು ಚೀಲ ಇಳಿಸಿಕೊಳ್ಳುತ್ತಿದ್ದ. ಐದನೆಯದನ್ನು ಎಂದೂ ಮುಟ್ಟಿದವನಲ್ಲ.

ಮಕ್ತಲ್‌ನ ಮೆಣಸಿನಕಾಯಿ ವ್ಯಾಪಾರಿ ದೇವೇಂದ್ರಪ್ಪ ಹದಿನೈದು ವರ್ಷ ಇದನ್ನು ಬಿಸಿಲಿನ ಹಾಗೆ ಸಹಿಸಿದ್ದ. ಈ ಸಲ ಸಹಿಸುವಂತಿರಲಿಲ್ಲ. ನಲವತ್ತು ಚೀಲ ಕಾಯಿ ನಡುಗಡ್ಡೆಯ ಮರಳಿನ ಮೇಲೆ ಸೂರಿಲ್ಲದೆ ಬಿದ್ದಿತ್ತು. ಅಕಾಲದ ಮೋಡ ಕಟ್ಟುತ್ತಿತ್ತು. ನಾರಾಯಣಪೇಟೆಯ ಖರೀದಿದಾರ, "ನಲವತ್ತರಾಗ ಒಂದು ಕಮ್ಮಿ ಆದ್ರೂ ಬ್ಯಾಡ, ಹನಿ ಬಿದ್ದದ್ದಂತೂ ಬ್ಯಾಡ" ಅಂದಿದ್ದ. ಹಾಗಾಗಿ ದೇವೇಂದ್ರಪ್ಪ ದೂರು ಕೊಟ್ಟ. ಇಷ್ಟು ದೊಡ್ಡ ತಪ್ಪನ್ನು ಅವನು ವ್ಯಾಪಾರದಲ್ಲಿ ಎಂದೂ ಮಾಡಿರಲಿಲ್ಲ.

ದೂರಿನ ಬೆನ್ನಿಗೇ ಜಲದರೋಡೆ ನಿಗ್ರಹ ಘಟಕ ಹುಟ್ಟಿತು. ಅದರ ಅಧಿಕಾರಿ ಸುರೇಂದರ್ ಆಗಷ್ಟೇ ಮೂರು ದಿನದ ತರಬೇತಿ ಮುಗಿಸಿ ಬಂದಿದ್ದರು.

"ಮುನ್ನೂರೈವತ್ತು ವರ್ಷದ ಹಿಂದ ಜಮೈಕಾದ ಸುತ್ತ ಬರೇ ಕಡಲುಗಳ್ಳರು, ಸಾವ್ಕಾರ್ರೇ. ಇಂಗ್ಲೀಷರು ಏನ್ ಮಾಡಿದ್ರು ಗೊತ್ತೇನ್ರಿ? ಕಳ್ಳರಿಗೆ ಕ್ಷಮಾಪತ್ರ ಕೊಟ್ರು. ಎಲ್ಲಾರಕಿಂತ ದೊಡ್ಡ ಕಳ್ಳನ್ನ ಉಪಗವರ್ನರ್ ಮಾಡಿ, ಉಳಿದೋರನ್ನ ಹಿಡಿಯಾಕ ಹಚ್ಚಿದ್ರು."

"ಆಮ್ಯಾಲ ಕಳವು ನಿಂತಿತೇನ್ರಿ?"

"ಅದು ನಾಲ್ಕನೇ ದಿನದ ಪಾಠ. ನಮ್ಮ ತರಬೇತಿ ಮೂರೇ ದಿನ."

ಮಧ್ಯಾಹ್ನವೇ ಪ್ರಕಟಣೆ ಹೊರಬಿತ್ತು: "ನದಿಪಾಲಕ ಹುದ್ದೆಯ ಅಭ್ಯರ್ಥಿಯು ಕನಿಷ್ಠ ಹತ್ತು ವರ್ಷ ಜಲದರೋಡೆಯ ಅನುಭವ ಹೊಂದಿರತಕ್ಕದ್ದು. ಅನುಭವವನ್ನು ದರೋಡೆಗೊಳಗಾದವರೇ ದೃಢೀಕರಿಸತಕ್ಕದ್ದು. ಕ್ಷಮಾಪತ್ರ ಪಡೆದವರ ಸರಕನ್ನು ಯಾರೂ ತಡೆಯತಕ್ಕದ್ದಲ್ಲ. ಇತರರ ಸರಕು ತಪಾಸಣೆಗೊಳಪಡತಕ್ಕದ್ದು."

ಸಂಜೆಗೆ ಎಂಕಪ್ಪ ಅರ್ಜಿಯ ನಮೂನೆ ಹಿಡಿದು ದೇವೇಂದ್ರಪ್ಪನ ಅಂಗಡಿಗೆ ಬಂದ.

"ನೀವಲ್ದ ಇನ್ಯಾರು ಬರೀತಾರ್ರಿ ನನ್ನ ಬಗ್ಗೆ? ಹದಿನೈದು ವರ್ಷದಾಗ ಒಂದಿನ ರಜಾ ತಗೊಂಡೀನೇನು?"

"ಮಹಾಪೂರ ಬಂದಾಗ ಎರಡು ತಿಂಗಳು ಬಂದಿದ್ದಿಲ್ಲಲೋ."

"ಅವಾಗ ನೀವೂ ಬಂದಿದ್ದಿಲ್ರಿ. ಅದು ಇಬ್ಬರಿಗೂ ಸೂಟಿ."

ನ್ಯಾಯವಾದ ಮಾತು. ಪಗಾರ ಬರುವವನಿಗೆ ಚೀಲ ಯಾಕೆ ಬೇಕು ಎಂದು ಲೆಕ್ಕ ಹಾಕಿದ ದೇವೇಂದ್ರಪ್ಪ, "ಸಮಯಪಾಲನೆ ಉತ್ತಮ" ಎಂದು ಬರೆದು ದಸ್ತಖತ್ತು ಹಾಕಿದ.

ಸೋಮವಾರ ಎಂಕಪ್ಪ ಖಾಕಿ ತೊಟ್ಟು, ಸೀಟಿ ಊದಿ, ಧನ್ವಾಡದ ಮೊಗುಲಪ್ಪನ ಉಳ್ಳಾಗಡ್ಡಿ ದೋಣಿಯಿಂದ ಎಂಟು ಚೀಲ ಇಳಿಸಿಕೊಂಡ. ನಾಲ್ಕು, ತಪಾಸಣೆಗೆ. ಇನ್ನು ನಾಲ್ಕು, ಹಳೆಯ ಹುದ್ದೆಯ ಚಾರ್ಜನ್ನು ಇನ್ನೂ ಯಾರಿಗೂ ವಹಿಸಿಕೊಟ್ಟಿರಲಿಲ್ಲವಾದ್ದರಿಂದ.

ಸುದ್ದಿ ಕೇಳಿ ದೇವೇಂದ್ರಪ್ಪ ಊಟ ಬಿಟ್ಟ. ಹೆಂಡತಿ ಅನ್ನಮ್ಮ ಪ್ರಕಟಣೆಯನ್ನು ಎರಡು ಸಲ ಓದಿದಳು.

"ಕ್ಷಮಾ ಆದೋರ ಸರಕು ತಡಿಯಂಗಿಲ್ಲ ಅಂತ ಬರದಾರಲ್ರಿ. ನೀವೂ ಕಳ್ಳ ಆಗ್ರಿ."

"ನಾನಾ? ನಾನು ವ್ಯಾಪಾರಸ್ಥ!"

"ನಿಮ್ಮ ತಕ್ಕಡ್ಯಾಗ ತೂಕ ಮಾಡಿಸಿಕೊಂಡೋರನ್ನ ಕೇಳ್ರಿ, ಅನುಭವ ಪತ್ರ ನೂರು ಸಿಗ್ತಾವು."

ಸುರೇಂದರ್ ನಿಯಮ ನೋಡಿ ಹೇಳಿದರು: ಹುದ್ದೆಗಷ್ಟೇ ಹತ್ತು ವರ್ಷ, ಕ್ಷಮೆಗೆ ಒಂದು ದರೋಡೆ ಸಾಕು, ಆದರೆ ನದಿಯಲ್ಲೇ ಆಗತಕ್ಕದ್ದು.

ಮಂಗಳವಾರ ನಲವತ್ತೂ ಚೀಲ ಹೊತ್ತ ತನ್ನದೇ ದೋಣಿಯನ್ನು ದೇವೇಂದ್ರಪ್ಪ ನಡುಹೊಳೆಯಲ್ಲಿ ಅಡ್ಡಗಟ್ಟಿದ.

"ಕೈ ಎತ್ತು!"

"ಹುಟ್ಟು ಬಿಟ್ರ ದೋಣಿ ತಿರಗತೈತ್ರಿ ಮಾಲಕರೇ," ಅಂದ ಅಂಬಿಗ ಗುರುಲಿಂಗ.

"ಹಂಗಾರ ಒಂದ ಕೈ ಎತ್ತು."

ಪಕ್ಕದಲ್ಲಿ ಹರಗೋಲು ನಿಲ್ಲಿಸಿಕೊಂಡಿದ್ದ ಎಂಕಪ್ಪ ತಿದ್ದಿದ: "ಮೊದಲು ಶರಣ್ರೀ ಅನಬೇಕ್ರಿ. ಮಂದಿ ಏನಂದಾರು?" ಆಮೇಲೆ ಪಂಚನಾಮೆ ಬರೆದ.

ದಂಡೆಯ ಮೇಲೆ ಸುರೇಂದರ್ ಮೊಹರು ಹಿಡಿದು ಕೂತಿದ್ದರು. ದೇವೇಂದ್ರಪ್ಪನ ವಿರುದ್ಧ ದೇವೇಂದ್ರಪ್ಪನ ದೂರು ಸ್ವೀಕೃತವಾಯಿತು.

"ಆರೋಪಿಯನ್ನ ಗುರ್ತಿಸ್ತೀರೇನ್ರಿ?"

"ಸಣ್ಣಾಂವಿದ್ದಾಗಿಂದ ನೋಡೀನ್ರಿ."

"ನಡತಿ ಹೆಂಗ?"

"ಮರ್ಯಾದಸ್ಥ."

"ಕ್ಷಮಿಸಾಕ ಒಪ್ಪಿಗಿ ಐತೇನು?"

ದೇವೇಂದ್ರಪ್ಪ ಒಮ್ಮೆ ಮೋಡದ ಕಡೆ ನೋಡಿದ. "ಈ ಸಲಕ್ಕ ಬಿಟ್ಟೀನ್ರಿ."

ಮೊಹರು ಬಿತ್ತು. ನಲವತ್ತೂ ಚೀಲ ಒಣಗಿದ್ದ ಹಾಗೇ ನಾರಾಯಣಪೇಟೆ ಮುಟ್ಟಿದವು.

ತಿಂಗಳೊಳಗೆ ಘಟಕವು ವರದಿ ಕಳಿಸಿತು: "ಹೊಳೆಯಲ್ಲಿ ಪರರ ಸರಕು ದೋಚುವವರು ಉಳಿದಿಲ್ಲ, ಸಾರ್ವಜನಿಕರು ಸ್ವಾವಲಂಬಿಗಳಾಗಿದ್ದಾರೆ." ಸರಕಿನ ಪ್ರತಿ ಸಾಗಣೆಗೂ ಹೊಸ ಕ್ಷಮೆ ಬೇಕೆಂದು ತಿದ್ದುಪಡಿಯಾದ ಮೇಲೆ ದಂಡೆಯಲ್ಲಿ ದಿನವೂ ಸಾಲು. ಒಂದು ಬೆಳಿಗ್ಗೆ ನಡುಗಡ್ಡೆಯ ಪೋಚಮ್ಮ ಕೊನೆಯಿಂದ ಕೂಗಿದಳು:

"ಸಾರೂ, ನನ್ನ ದರೋಡಿ ಜಲ್ದಿ ಮಾಡಿಸ್ರಿ, ಕಲ್ಲಂಗಡಿ ಕೊಳಿತಾವು!"

"ಸಾಲಿನಾಗ ನಿಲ್ಲವ್ವ," ಅಂದರು ಸುರೇಂದರ್. "ಇಲ್ಲಿ ಎಲ್ಲಾರೂ ಕಳ್ಳರ ಇದ್ದಾರ."

ಮೂರನೆಯವನಾಗಿ ನಿಂತಿದ್ದ ದೇವೇಂದ್ರಪ್ಪನಿಗೂ ಅದು ಸರಿಯೆನಿಸಿತು.