ಏಳನೇ ಕೀಲಿಯೂ ಇಸ್ತ್ರಿ ಶರ್ಟೂ

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಮಂಗಳವಾರ ಬೆಳಿಗ್ಗೆ ಆರೂವರೆಗೆ ಕನ್ನಡಿ ಮೇಷ್ಟ್ರು ತಮ್ಮ ನೀಲಿ ಶರ್ಟಿಗೆ ಇಸ್ತ್ರಿ ಹಾಕಿದರು. ತೋಳು, ಕಾಲರು, ಜೇಬು, ಎಲ್ಲವೂ ಕ್ರಮಬದ್ಧವಾಗಿ ನೆರವೇರಿದವು. ಇದಕ್ಕೆ ಸಾಕ್ಷಿಯಾಗಿ ಆ ಮನೆಯಲ್ಲಿದ್ದದ್ದು ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಎರಡನೇ ಲೋಟ ಕೊಳ್ಳುವ ಸಂದರ್ಭ ಇನ್ನೂ ಬಂದಿರಲಿಲ್ಲ.

ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸುವ ದೊಡ್ಡ ಯಂತ್ರವೊಂದರಲ್ಲಿ, ಲೇಸರಿನ ಕನ್ನಡಿಗಳನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುವುದು ಅವರ ಉದ್ಯೋಗ. ಓಡುವ ಎಲೆಕ್ಟ್ರಾನ್ ಗುಂಪಿನ ಮೇಲೆ ಲೇಸರಿನ ಮಿಂಚು ಸರಿಯಾದ ಕ್ಷಣಕ್ಕೆ ಬಿದ್ದರೆ ಅದರಿಂದ ಇನ್ನೊಂದು ಬೆಳಕಿನ ಮಿಡಿತ ಹೊರಡುತ್ತದೆ. ಒಂದು ಸೆಕೆಂಡನ್ನು ಕೋಟಿ ಚೂರು ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಚೂರು ಮಾಡಿದರೆ, ಅಂಥ ಐದಾರು ಚೂರಿನಷ್ಟು ಅದರ ಆಯುಸ್ಸು. ಮಿಂಚಿಗೂ ಎಲೆಕ್ಟ್ರಾನಿಗೂ ಭೇಟಿ ಮಾಡಿಸುವವರು ಮೇಷ್ಟ್ರು. ಮೇಷ್ಟ್ರಿಗೆ ಯಾರನ್ನಾದರೂ ಭೇಟಿ ಮಾಡಿಸುವವರು ಮಾತ್ರ ಇರಲಿಲ್ಲ. ದಿನವಿಡೀ ಕನ್ನಡಿಗಳ ನಡುವೆ ಇದ್ದರೂ, ಕಣ್ಣಿಗೆ ಕಟ್ಟಿಕೊಂಡ ದಪ್ಪ ಬಣ್ಣದ ಕನ್ನಡಕದಿಂದಾಗಿ ಸ್ವಂತ ಮುಖವೂ ಸರಿಯಾಗಿ ಭೇಟಿಯಾಗುತ್ತಿರಲಿಲ್ಲ.

ಹೊಸ ಮಿಡಿತ ಬಂದಾಗೆಲ್ಲ ಕಂಟ್ರೋಲ್ ರೂಮಿನಲ್ಲಿ ಗ್ರೂಪ್ ಫೋಟೋ ತೆಗೆಯುವುದು ವಾಡಿಕೆ. ಹನ್ನೆರಡು ವರ್ಷಕ್ಕೆ ಹನ್ನೊಂದು ಫೋಟೋ. ಒಂದರಲ್ಲೂ ಮೇಷ್ಟ್ರಿಲ್ಲ. ಆ ಹೊತ್ತಿಗೆ ಅವರು ಮೂರು ಬಾಗಿಲಾಚೆಯ ಲೇಸರ್ ಕೋಣೆಯಲ್ಲಿ ಕನ್ನಡಿ ಕಾಯುತ್ತಿರುತ್ತಿದ್ದರು.

"ನಿನ್ನ ಭಾವ ಕೇಳ್ತಾರೆ ಕಣೋ," ಎಂದಿದ್ದಳು ಅಕ್ಕ ಭಾನುವಾರ ಫೋನಿನಲ್ಲಿ. "ಇವನು ನಿಜವಾಗ್ಲೂ ಅಲ್ಲಿ ಕೆಲಸ ಮಾಡ್ತಾನಾ, ಇಲ್ಲ ಗೇಟಿನವರೆಗೆ ಹೋಗಿ ವಾಪಸ್ ಬರ್ತಾನಾ ಅಂತ. ಒಂದು ಫೋಟೋದಲ್ಲೂ ನೀನಿಲ್ವಲ್ಲೋ."

"ನಾನು ಕನ್ನಡಿ ಹಿಡ್ಕೊಂಡಿರ್ತೀನಕ್ಕ."

"ಹನ್ನೆರಡು ವರ್ಷದಿಂದಾನಾ? ಕೈ ನೋಯಲ್ವಾ?"

ಆದ್ದರಿಂದಲೇ ಈ ಮಹಾಯೋಜನೆ. ಮೂರು ತಿಂಗಳು ಕೂತು ಮೇಷ್ಟ್ರು ಮುಖ್ಯ ಕನ್ನಡಿಗೊಂದು ಪುಟ್ಟ ಮೋಟಾರು ಕೂರಿಸಿದ್ದರು. ಇನ್ನು ಕಂಟ್ರೋಲ್ ರೂಮಿನಲ್ಲೇ ನಿಂತು ತಿರುಗಿಸಬಹುದು. ನಿಂತು ಫೋಟೋಕ್ಕೆ ಸಿಗಬಹುದು. ಫೋಟೋ ಅಕ್ಕನಿಗೆ ಕಳಿಸಬಹುದು.

ಮಂಗಳವಾರ ಬೆಳಿಗ್ಗೆ ಹಳೇ ಶರ್ಟಿನಲ್ಲೇ, ಕೊನೇ ಸಲ ನೋಡಿ ಬರಲು ಯಂತ್ರವಿರುವ ನೆಲದಡಿಯ ಟನೆಲ್ಲಿಗೆ ಇಳಿದರು. ಒಳಗೆ ಹೋಗುವವರು ಬಾಗಿಲ ಬಳಿಯ ಹಲಗೆಯಿಂದ ಒಂದು ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಹೊರಬಂದಾಗ ಮತ್ತೆ ಅಲ್ಲೇ ಸಿಕ್ಕಿಸಬೇಕು. ಹತ್ತೂ ಕೀಲಿ ಹಲಗೆಯಲ್ಲಿ ಇರದಿದ್ದರೆ, ಒಳಗೆ ಮನುಷ್ಯರಿದ್ದಾರೆಂದು ಯಂತ್ರ ಜಪ್ಪಯ್ಯ ಅಂದರೂ ಶುರುವಾಗದು. ಮೇಷ್ಟ್ರ ತಲೆಯಲ್ಲಿ ಫೋಟೋ ಇತ್ತು, ಜೇಬಿನಲ್ಲಿ ಕೀಲಿ ಉಳಿಯಿತು. ಮಧ್ಯಾಹ್ನ ಮನೆಗೆ ಹೋದರು, ಹಳೇ ಶರ್ಟನ್ನು ಸೋಪಿನ ನೀರಿಗೆ ಹಾಕಿದರು, ನೀಲಿ ಶರ್ಟು ತೊಟ್ಟು ಮದುಮಗನ ಹಾಗೆ ಬಂದರು.

ಕಂಟ್ರೋಲ್ ರೂಮಿನಲ್ಲಿ ಯಂತ್ರ ನಡೆಸುವ ಮೇಡಂ ಗುಂಡಿ ಒತ್ತಿದರು. ಏನೂ ಆಗಲಿಲ್ಲ.

"ಏಳನೇ ಕೀ ಇಲ್ಲ," ಎಂದರು.

ಸುರಕ್ಷಾಧಿಕಾರಿ ರಿಜಿಸ್ಟರು ಬಿಡಿಸಿದರು. ಆ ಮನುಷ್ಯ ನಗುವುದಕ್ಕೂ ಲಿಖಿತ ಅನುಮತಿಗೆ ಕಾಯುವಂಥವರು. "ಏಳು ತಗೊಂಡಿದ್ದು ನೀವೇ ಮೇಷ್ಟ್ರೇ. ಅಂದ್ರೆ ನೀವಿನ್ನೂ ಟನೆಲ್ ಒಳಗಿದೀರಿ."

"ಇಲ್ಲೇ ನಿಂತಿದೀನಲ್ಲ ಸಾರ್."

"ಅದು ನನಗೆ ಕಾಣ್ತಿದೆ. ಮೆಷಿನ್‌ಗೆ ಕಾಣ್ಬೇಕಲ್ಲ."

ಮೇಷ್ಟ್ರು ಜೇಬು ತಡಕಿದರು. ಬರೀ ಇಸ್ತ್ರಿಯ ಗೆರೆ.

"ಹಾಗಾದ್ರೆ ನಿಮ್ಮನ್ನ ಒಳಗೆ ಹುಡುಕಿಸ್ಬೇಕು. ಮೂಲೆಮೂಲೆ ಗೊತ್ತಿರೋರೇ ಹೋಗ್ಬೇಕು, ರೂಲು. ಯಾರಿಗೆ ಗೊತ್ತು?"

ಎಲ್ಲರೂ ಮೇಷ್ಟ್ರನ್ನೇ ನೋಡಿದರು. ಇಷ್ಟು ಜನ ಒಟ್ಟಿಗೆ ಅವರ ಕಡೆ ನೋಡಿದ್ದು ಹನ್ನೆರಡು ವರ್ಷದಲ್ಲಿ ಅದೇ ಮೊದಲು.

"ನನ್ನನ್ನ ನಾನೇ ಹುಡುಕ್ಬೇಕಾ ಸಾರ್?"

"ಇನ್ನೊಂದು ಕೀ ತಗೊಂಡು ಹೋಗಿ. ಅದನ್ನಾದ್ರೂ ವಾಪಸ್ ಹಾಕಿ."

ಎಂಟನೇ ಕೀಲಿ ಹಿಡಿದು ಇಳಿದರು. ಯಂತ್ರದ ಲೆಕ್ಕದಲ್ಲಿ ಈಗ ಟನೆಲ್ಲಿನಲ್ಲಿ ಮೇಷ್ಟ್ರು ಇಬ್ಬರು. ಕೊನೆಗೂ ಒಂದು ಜೊತೆ.

ಪ್ರತಿ ತಿರುವಿನಲ್ಲೂ ನಿಂತು ಗಟ್ಟಿಯಾಗಿ ಕೂಗಬೇಕೆಂಬುದೂ ರೂಲು. "ಯಾರಾದ್ರೂ ಇದೀರಾ?" ದನಿ ಇನ್ನೂರು ಮೀಟರು ಹೋಗಿ, ಯಾರೂ ಸಿಗದೆ ವಾಪಸಾಯಿತು. ಕೊನೇ ತಿರುವಿನಲ್ಲಿ ಮೇಷ್ಟ್ರು ರೂಲು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕಾದರು. ಆ ಇನ್ನೊಬ್ಬ ಮೇಷ್ಟ್ರು ಎಲ್ಲಾದರೂ ಸಿಕ್ಕಿಬಿಟ್ಟಿದ್ದರೆ ಒಟ್ಟಿಗೆ ಟೀ ಕುಡಿಯಬಹುದಿತ್ತು. ಸುಮ್ಮನೆ ಜೇಬು ಸವರಿಕೊಂಡರು. ಗರಿಗರಿ ಜೇಬು. ಬೆಳಗಿನದು ಈ ಜೇಬಲ್ಲ, ಬಕೆಟ್ಟಿನಲ್ಲಿ ನೆನೆಯುತ್ತಿರುವ ಜೇಬು.

ಓಡಿಬಂದು ಎಂಟನೇ ಕೀಲಿ ಸಿಕ್ಕಿಸಿದರು. "ಸಾರ್, ಕೀ ಮನೇಲಿ..."

"ಮೊದಲು ಫಾರಂ."

ಹುಡುಕಬೇಕಾದವರು: ಕನ್ನಡಿ ಮೇಷ್ಟ್ರು. ಹುಡುಕಿದವರು: ಕನ್ನಡಿ ಮೇಷ್ಟ್ರು. ಫಲಿತಾಂಶ: ಸಿಗಲಿಲ್ಲ. ಓದದೆ ಸಹಿ ಗೀಚಿ ಸೈಕಲ್ ಹತ್ತಿದರು.

ಬಕೆಟ್ಟಿನಿಂದ ಎದ್ದ ಕೀಲಿ ಹಿಂದೆಂದೂ ಇಲ್ಲದಷ್ಟು ಶುಭ್ರವಾಗಿತ್ತು. ವಾಪಸು ಬಂದರೆ ಗೇಟಿನಲ್ಲಿ ಅವರ ಪಾಸಿಗೆ ಕೆಂಪು ದೀಪ ಹತ್ತಿತು.

"ನಿಮ್ಮನ್ನ ಹುಡುಕಿದ್ರೂ ಸಿಕ್ಕಿಲ್ಲ ಅಂತ ಬಂದಿದೆ ಸಾರ್," ಎಂದ ಕಾವಲುಗಾರ. "ಸಿಗೋವರೆಗೂ ಪಾಸು ಬಂದ್."

"ಸಿಕ್ಕಿದೀನಲ್ಲಪ್ಪ."

"ಸಿಕ್ಕಿದ್ದಕ್ಕೆ ಬೇರೆ ಫಾರಂ, ಮೂರು ದಿನ ಆಗುತ್ತೆ. ಸದ್ಯಕ್ಕೆ ಇದನ್ನ ಹಾಕ್ಕೊಂಡು ಹೋಗಿ. ಹೊರಗೆ ಬರೋವರೆಗೂ ತೆಗೀಬೇಡಿ." ಕುತ್ತಿಗೆಗೊಂದು ಕಾರ್ಡು ಬಿತ್ತು. ಅದನ್ನು ನೋಡುವಷ್ಟು ಪುರುಸೊತ್ತು ಯಾರಿಗಿತ್ತು?

ಏಳನೇ ಕೀಲಿ ಸ್ವಸ್ಥಾನ ಸೇರಿತು. ಯಂತ್ರ ಗುನುಗಿತು. ಮೇಷ್ಟ್ರು ಉಸಿರು ಬಿಗಿಹಿಡಿದು ಮೋಟಾರಿನ ತಿರುಪನ್ನು ಒಂದಿಷ್ಟೇ ಇಷ್ಟು ತಿರುಗಿಸಿದರು. ಪರದೆಯ ಮೇಲೆ ಸತ್ತ ಹಾವಿನಂತೆ ಮಲಗಿದ್ದ ಗೆರೆ ಹೆಡೆ ಎತ್ತಿತು: ಹೊಸ ಮಿಡಿತ. ಚಪ್ಪಾಳೆ.

"ಮೇಷ್ಟ್ರೇ, ಮಧ್ಯಕ್ಕೆ ಬನ್ನಿ," ಎಂದರು ಸಂಸ್ಥೆಯ ನಿರ್ದೇಶಕರು.

ಮೇಷ್ಟ್ರು ಮಧ್ಯಕ್ಕೆ ಬಂದರು. ಸುರಕ್ಷಾಧಿಕಾರಿ ಮುಂದೆ ಬಾಗಿ, ತಿರುಗಿಕೊಂಡಿದ್ದ ಕಾರ್ಡನ್ನು ಸರಿಯಾಗಿ ಕೂರಿಸಿದರು. "ಬರೆದಿರೋ ಕಡೆ ಕಾಣ್ಬೇಕು. ರೂಲು." ಕ್ಲಿಕ್.

ಸಂಜೆ ಮೇಷ್ಟ್ರು ಫೋಟೋ ಕಳಿಸಿ, ಒಂದೇ ಲೋಟದಲ್ಲಿ ಟೀ ಹಿಡಿದು ಒಂದೇ ಕುರ್ಚಿಯಲ್ಲಿ ಕೂತರು. ಹತ್ತೇ ನಿಮಿಷಕ್ಕೆ ಫೋನು ಬಂತು.

"ಫೋಟೋ ಬಂತು ಕಣೋ. ಮಧ್ಯದಲ್ಲೇ ಇದೀಯ. ಶರ್ಟು ಚೆನ್ನಾಗಿದೆ." ಅಕ್ಕನ ದನಿ ಎಂದಿಗಿಂತ ಮೆತ್ತಗಿತ್ತು.

"ಭಾವ ನೋಡಿದ್ರಾ?"

"ನೋಡಿದ್ರು. ದೊಡ್ಡದು ಮಾಡ್ಕೊಂಡು ನೋಡಿದ್ರು. ಕುತ್ತಿಗೆಯಲ್ಲಿರೋ ಕಾರ್ಡನ್ನೂ ಓದಿದ್ರು. 'ಸಂದರ್ಶಕರು, ಇವತ್ತಿಗೆ ಮಾತ್ರ' ಅಂತ ಬರೆದಿದೆಯಲ್ಲೋ. ಹೋಗ್ಲಿ ಬಿಡು, ಹನ್ನೆರಡು ವರ್ಷಕ್ಕಾದ್ರೂ ಒಂದಿನ ಒಳಗೆ ಬಿಟ್ರಲ್ಲ."